ಚಂದ್ರನಿಗೆ ನಾನು ಹಾಕಿಕೊಟ್ಟ ವೇಳಾಪಟ್ಟಿ

ನಾನು ಪ್ರೋಗ್ರಾಮರ್. ವೀಸಾದಲ್ಲಿ ಮಾತ್ರ ‘ಡಾಕ್ಯುಮೆಂಟ್ ಕ್ಲರ್ಕ್’ ಎಂದಿದೆ.

ಹಗಲು ಹೊತ್ತು ಕಾರ್ಗೋ ಕಂಪನಿಯೊಂದರಲ್ಲಿ ಕೂತು, ಹಡಗಿನಿಂದ ಇಳಿದ ಪೆಟ್ಟಿಗೆಗಳಿಗೂ ಅವುಗಳ ಕಾಗದಪತ್ರಗಳಿಗೂ ಮದುವೆ ಮಾಡಿಸುವುದು ನನ್ನ ಹೊಟ್ಟೆಪಾಡು. ಸಂಜೆ ದುಬೈನ ಅಲ್ ಕುಸೈಸ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದು, ಕಾಫಿ ಕುಡಿದು, ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದೆನೆಂದರೆ ನಾನೇ ಬೇರೆ. ಕಾಲೇಜಿಗೆ ಹೋಗಿ ಕಲಿತದ್ದಲ್ಲ. ಯಾರೂ ಹೇಳಿಕೊಟ್ಟದ್ದೂ ಅಲ್ಲ. ವಿಡಿಯೊ ನೋಡಿ, ತಪ್ಪು ಮಾಡಿ, ಮತ್ತೆ ವಿಡಿಯೊ ನೋಡಿ ಕಲಿತ ವಿದ್ಯೆ. ನನ್ನ ಪ್ರೋಗ್ರಾಂಗಳಲ್ಲಿ ಇದ್ದದ್ದು ಒಂದೇ ಕೊರತೆ. ಅವನ್ನು ಯಾರೂ ಬಳಸುತ್ತಿರಲಿಲ್ಲ!

ಮನೆಯಲ್ಲಿ ಉಪ್ಪು ಯಾವಾಗ ಮುಗಿಯುತ್ತದೆಂದು ಮುಂಚಿತವಾಗಿ ತಿಳಿಸುವ ಪ್ರೋಗ್ರಾಂ ಒಂದನ್ನು ಬರೆದಿದ್ದೆ. ದಿನವೂ ಅಡುಗೆಗೆ ಎಷ್ಟು ಚಮಚ ಹಾಕಿದಿರೆಂದು ಅದಕ್ಕೆ ತಿಳಿಸುತ್ತ ಹೋದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ನನ್ನ ಹೆಂಡತಿ ವೀಣಾ ಅದನ್ನು ತಾಳ್ಮೆಯಿಂದ ನೋಡಿದಳು.

“ರೀ, ಡಬ್ಬ ಅಲ್ಲಾಡಿಸಿದ್ರೆ ಗೊತ್ತಾಗುತ್ತಲ್ಲ!”

ಇನ್ನೊಂದು ಪ್ರೋಗ್ರಾಂ ಕಟ್ಟಡದ ಎರಡು ಲಿಫ್ಟ್‌ಗಳಲ್ಲಿ ಯಾವುದು ಬೇಗ ಬರುತ್ತದೆಂದು ಊಹಿಸುತ್ತಿತ್ತು. ಅದು ಊಹಿಸಿ ಮುಗಿಸುವುದರೊಳಗೆ ಎರಡೂ ಬಂದು ಹೋಗುತ್ತಿದ್ದವು. ಒಟ್ಟಿನಲ್ಲಿ, ನನ್ನ ಆಸೆ ದೊಡ್ಡದೇನಾಗಿರಲಿಲ್ಲ. ಈ ಭೂಮಿಯ ಮೇಲೆ ಯಾರಾದರೂ ಒಬ್ಬರು, ನನ್ನ ಮೇಲಿನ ಮರುಕದಿಂದಲ್ಲದೆ, ನಿಜವಾಗಿಯೂ ಬೇಕೆನಿಸಿ ನನ್ನ ಪ್ರೋಗ್ರಾಂ ಬಳಸಬೇಕು. ಅಷ್ಟೇ.

ಆ ಒಬ್ಬರು ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿಳಿದರು. ನಮ್ಮ ಅತ್ತೆ!

ಅತ್ತೆಯ ಸೂಟ್‌ಕೇಸಿನಲ್ಲಿ ಹುಳಿಪುಡಿ, ಹಪ್ಪಳ, ನಿಪ್ಪಟ್ಟುಗಳ ನಡುವೆ ಸುರುಳಿ ಸುತ್ತಿದ ಒಂದು ಕ್ಯಾಲೆಂಡರ್ ಇತ್ತು. ಅವರ ಬೀದಿಯ ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ತಿಥಿ, ನಕ್ಷತ್ರ, ರಾಹುಕಾಲ ಎಲ್ಲವೂ ಅದರಲ್ಲಿವೆ. ಅತ್ತೆ ಬಂದ ದಿನವೇ ಅದನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿ, ಕನ್ನಡಕ ಏರಿಸಿಕೊಂಡು ನೋಡಿ ಘೋಷಿಸಿದರು.

“ಮುಂದಿನ ಮಂಗಳವಾರ ಸಂಕಷ್ಟಿ ಕಣೇ ವೀಣಾ. ಮಂಗಳವಾರ ಬಂದಿರೋದ್ರಿಂದ ಅಂಗಾರಕ ಸಂಕಷ್ಟಿ. ಬಹಳ ವಿಶೇಷ. ನಾನಂತೂ ಬೆಳಿಗ್ಗೆ ಒಂದು ಲೋಟ ಹಾಲು ಬಿಟ್ರೆ ಇನ್ನೇನೂ ಮುಟ್ಟಲ್ಲ. ಇಲ್ಲಿ ಚಂದ್ರೋದಯ ಎಷ್ಟು ಹೊತ್ತಿಗೆ?”

ಸಂಕಷ್ಟಿಯ ಉಪವಾಸ ಗೊತ್ತಲ್ಲ. ಇಡೀ ದಿನ ಗಣಪತಿಯ ಹೆಸರಿನಲ್ಲಿ ಹಸಿದಿದ್ದು, ರಾತ್ರಿ ಚಂದ್ರನನ್ನು ನೋಡಿ, ಅರ್ಘ್ಯ ಕೊಟ್ಟ ಮೇಲೇ ಊಟ. ಮೈಸೂರಿನಲ್ಲಾದರೆ ಮಹಡಿ ಹತ್ತಿದರೆ ಚಂದ್ರ ಸಿಗುತ್ತಾನೆ. ಇಲ್ಲಿ ಒಂದು ಕಡೆ ಕಟ್ಟಡ, ಇನ್ನೊಂದು ಕಡೆ ಧೂಳು.

“ನಾವು ಕ್ಯಾಲೆಂಡರ್‌ನಲ್ಲಿ ಇರೋ ಟೈಮ್‌ಗೇ ಅರ್ಘ್ಯ ಕೊಟ್ಟು ಊಟ ಮಾಡ್ಬಿಡ್ತೀವಮ್ಮ” ಎಂದಳು ವೀಣಾ. “ಎದುರು ಫ್ಲ್ಯಾಟಿನ ಪ್ರಮೀಳಕ್ಕ ಊರಿಗೆ ವಿಡಿಯೊ ಕಾಲ್ ಮಾಡಿ, ಅಲ್ಲಿನ ಚಂದ್ರನ್ನ ಫೋನಲ್ಲೇ ನೋಡಿ ಊಟ ಮಾಡ್ತಾರೆ.”

ನನ್ನ ಕಿವಿ ನೆಟ್ಟಗಾಯಿತು. ನಾನು ಕುರ್ಚಿಯಿಂದೆದ್ದು, ಗಂಟಲು ಸರಿಮಾಡಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಪುಟ್ಟ ಭಾಷಣ ಮಾಡಿದೆ. ಈ ಕ್ಯಾಲೆಂಡರಿನಲ್ಲಿರುವುದು ಬೆಂಗಳೂರಿನ ಚಂದ್ರೋದಯ. ದುಬೈ ಗಡಿಯಾರ ಅಲ್ಲಿಗಿಂತ ಒಂದೂವರೆ ಗಂಟೆ ಹಿಂದಿದೆ. ಊರಿನ ಸಮಯ ಹಿಡಿದುಕೊಂಡು ಇಲ್ಲಿ ಊಟಕ್ಕೆ ಕೂರುವುದು ಸಂಪೂರ್ಣ ಅವೈಜ್ಞಾನಿಕ. ವಿಡಿಯೊ ಕಾಲ್ ಚಂದ್ರನಂತೂ ವ್ರತಭಂಗ!

“ಅಂದ್ರೆ ಬೆಂಗಳೂರಿನ ಚಂದ್ರ ಬೇರೆ, ದುಬೈ ಚಂದ್ರ ಬೇರೆ ಅಂತೀರಾ ಅಳಿಯಂದ್ರೇ?”

“ಲೆಕ್ಕದ ಮಟ್ಟಿಗೆ ಹಾಗೇ ಅಂದ್ಕೊಳ್ಳಿ ಅತ್ತೆ.”

“ನಾನು ಒಬ್ನೇ ಅಂದ್ಕೊಂಡಿದ್ದೆ” ಎಂದರು ಅತ್ತೆ. ಆದರೆ ಅವರ ಮುಖದಲ್ಲಿ ನನ್ನ ಬಗ್ಗೆ ಹೊಸದೊಂದು ಗೌರವ ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದುದು ಆ ಮುಖಕ್ಕೇ.

ಅಂದೇ ಕೆಲಸ ಶುರುವಾಯಿತು. ಸೂರ್ಯ ಚಂದ್ರರ ಲೆಕ್ಕ ಮಾಡುವ ಸೂತ್ರಗಳನ್ನು ಯಾರೋ ಪುಣ್ಯಾತ್ಮರು ಬರೆದು ಇಂಟರ್ನೆಟ್ಟಿನಲ್ಲಿ ಧರ್ಮಕ್ಕೆ ಇಟ್ಟಿದ್ದಾರೆ. ಅದನ್ನು ತಂದು, ದುಬೈ ಭೂಪಟದಲ್ಲಿ ಎಲ್ಲಿದೆಯೆಂದು ಹೇಳಿಕೊಟ್ಟು, ವರ್ಷದ ಎಲ್ಲ ಸಂಕಷ್ಟಿಗಳ ಚಂದ್ರೋದಯವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿಸಿದೆ. ಈ ಲ್ಯಾಪ್‌ಟಾಪಿನ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ನಾನು ಊರಿನಲ್ಲಿ ಕೊಂಡು, ಇಲ್ಲಿಗೆ ಬರುವಾಗ ಹೆಗಲಿಗೇರಿಸಿಕೊಂಡು ಬಂದದ್ದು. ಅದರ ಮೂಲೆಯ ಗಡಿಯಾರವನ್ನು ಅಲ್ಲಿಯವರೆಗೂ ಬದಲಾಯಿಸಿರಲಿಲ್ಲ. ಅಮ್ಮನಿಗೆ ಫೋನ್ ಮಾಡುವ ಮುಂಚೆ ಊರಿನಲ್ಲಿ ಗಂಟೆ ಎಷ್ಟೆಂದು ಅದರಲ್ಲೇ ನೋಡಿಕೊಳ್ಳುತ್ತಿದ್ದೆ. ಇದು ನನ್ನ ಮಾತೃಪ್ರೇಮದ ಸಂಕೇತ. ಸದ್ಯಕ್ಕೆ ಇಷ್ಟು ಸಾಕು.

ಲೆಕ್ಕ ಬಂತು. ಮಂಗಳವಾರ ಚಂದ್ರೋದಯ ರಾತ್ರಿ ಹನ್ನೊಂದಕ್ಕೆ ಇನ್ನೇನು ಎರಡು ನಿಮಿಷ ಇದೆ ಎನ್ನುವಾಗ! ಕ್ಯಾಲೆಂಡರಿನಲ್ಲಿದ್ದದ್ದು ಒಂಬತ್ತೂವರೆಯ ಆಸುಪಾಸು. ನೋಡಿದಿರಾ ವ್ಯತ್ಯಾಸ? ಇಷ್ಟು ವರ್ಷ ಅಲ್ ಕುಸೈಸ್‌ನ ಹೆಂಗಸರು ಚಂದ್ರ ಹುಟ್ಟುವ ಮುಂಚೆಯೇ ಊಟ ಮಾಡುತ್ತಿದ್ದರಲ್ಲ ಎಂದು ನನಗೆ ನಿಜಕ್ಕೂ ಕನಿಕರವಾಯಿತು.

ಆದರೂ ನಾನು ಜವಾಬ್ದಾರಿಯುತ ಪ್ರೋಗ್ರಾಮರ್. ಪರೀಕ್ಷೆ ಮಾಡದೆ ಜನರ ಕೈಗೆ ಕೊಡುವವನಲ್ಲ. ಭಾನುವಾರ ಸಂಜೆ ಲ್ಯಾಪ್‌ಟಾಪ್ ಹಿಡಿದು ಬಾಲ್ಕನಿಯಲ್ಲಿ ಕೂತೆ. ಅಂದಿನ ಚಂದ್ರೋದಯ ಒಂಬತ್ತು ಇಪ್ಪತ್ತಕ್ಕೆ ಎಂದು ಪ್ರೋಗ್ರಾಂ ಹೇಳಿತ್ತು. ಲ್ಯಾಪ್‌ಟಾಪಿನ ಮೂಲೆಯ ಗಡಿಯಾರವನ್ನು ಒಂದು ಕಣ್ಣಿನಿಂದ, ಶಾರ್ಜಾ ಕಡೆಯ ಎರಡು ಕಟ್ಟಡಗಳ ಸಂದಿಯನ್ನು ಇನ್ನೊಂದು ಕಣ್ಣಿನಿಂದ ನೋಡುತ್ತ ಕೂತೆ. ಒಂಬತ್ತೂ ಇಪ್ಪತ್ತು ದಾಟಿ ಐದಾರು ನಿಮಿಷಕ್ಕೆ ಸಂದಿಯಲ್ಲಿ ಚಂದ್ರ ಇಣುಕಿದ! ಆ ಐದಾರು ನಿಮಿಷ ಕಟ್ಟಡ ಅಡ್ಡವಿತ್ತು. ಚಂದ್ರನದೇನೂ ತಪ್ಪಿಲ್ಲವೆಂದು ಅವನನ್ನು ಕ್ಷಮಿಸಿದೆ.

ಸಂಭ್ರಮದಲ್ಲಿ ಒಳಗೆ ಬಂದು “ವೀಣಾ, ಊಟ ಬಡಿಸು! ಒಂಬತ್ತೂವರೆ ಆಗ್ತಾ ಬಂತು” ಎಂದೆ.

“ಇನ್ನೂ ಕುಕ್ಕರ್ರೇ ಇಟ್ಟಿಲ್ಲ, ಏನ್ರೀ ಇಷ್ಟು ಅವಸರ?” ಎಂದಳು.

ತವರಿನವರು ಬಂದರೆ ಹೆಂಗಸರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ಗೋಡೆಯ ಗಡಿಯಾರದತ್ತ ಒಮ್ಮೆ ಕತ್ತು ತಿರುಗಿಸಿದ್ದರೆ ಈ ಬರಹಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಸೋಮವಾರ ಆಪ್ ಸಿದ್ಧವಾಯಿತು. ಹೆಸರು ‘ಚಂದ್ರ ಬಂದ್ನಾ?’. ತೆರೆದ ಕೂಡಲೇ ಗಣಪತಿಯ ಚಿತ್ರ. ಅದನ್ನು ನನ್ನ ಹತ್ತು ವರ್ಷದ ಮಗಳು ಅನನ್ಯಾ ತನ್ನ ಟ್ಯಾಬ್‌ನಲ್ಲಿ ಬರೆದುಕೊಟ್ಟಳು. ಗಣಪತಿಯ ಹೊಟ್ಟೆ ಸ್ವಲ್ಪ ಹೆಚ್ಚಾಗಿತ್ತು, ನಗು ಮಾತ್ರ ಚೆನ್ನಾಗಿತ್ತು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಚಂದ್ರ ಇನ್ನೂ ಹುಟ್ಟಿಲ್ಲ. ದಯವಿಟ್ಟು ತಾಳ್ಮೆಯಿಂದಿರಿ’ ಎಂಬ ಸೂಚನೆ. ಸಮಯವಾದ ಕೂಡಲೇ ‘ಚಂದ್ರ ಬಂದ!’ ಎಂದು ತೋರಿಸಿ ಫೋನ್ ತಾನಾಗಿಯೇ ದೇವಸ್ಥಾನದ ಗಂಟೆ ಬಾರಿಸುತ್ತದೆ. ಇದನ್ನು ನಮ್ಮ ಸುತ್ತಮುತ್ತಲಿನ ಕನ್ನಡದ ಮನೆಗಳ ವಾಟ್ಸ್ಯಾಪ್ ಗುಂಪಿಗೆ ಕಳಿಸಿ, ಇನ್ನು ಮುಂದೆ ಯಾರೂ ಅವೈಜ್ಞಾನಿಕವಾಗಿ ಊಟ ಮಾಡಬಾರದೆಂದು ವಿನಂತಿಸಿದೆ. ಮಂಗಳವಾರ ರಾತ್ರಿ ಎಲ್ಲರೂ ಕಟ್ಟಡದ ಹಿಂದಿನ ಮರಳು ಪಾರ್ಕಿಂಗ್‌ಗೆ ಬಂದರೆ ಒಟ್ಟಿಗೇ ಅರ್ಘ್ಯ ಕೊಡಬಹುದು ಎಂದೂ ಸೇರಿಸಿದೆ.

ಏಳೆಂಟು ಮನೆಯವರು ಆಪ್ ಹಾಕಿಕೊಂಡರು! ಪ್ರಮೀಳಕ್ಕ “ಸೂಪರ್ ಆಯ್ತಾ, ಈ ಸಲ ಊರಿಗೆ ಫೋನ್ ಮಾಡುದಿಲ್ಲ” ಎಂದು ಬರೆದರು. ಅತ್ತೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು “ನನಗೂ ಹಾಕಿಕೊಡಿ ಅಳಿಯಂದ್ರೇ” ಎಂದಾಗ ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡೆ. ಸುಳ್ಳಲ್ಲ.

ಮಂಗಳವಾರ ಬಂತು. ಒಂಬತ್ತೂವರೆಗೆ ಅತ್ತೆ ಅಭ್ಯಾಸಬಲದಿಂದ ಕ್ಯಾಲೆಂಡರಿನ ಕಡೆ ನೋಡಿದರು. ನಾನು ನಯವಾಗಿ ತಲೆಯಾಡಿಸಿದೆ. ಅವರು ಒಂದು ನಿಟ್ಟುಸಿರು ಬಿಟ್ಟು, ಬೇಯಿಸಿಟ್ಟ ಕಡುಬಿನ ಪಾತ್ರೆಯ ಮುಚ್ಚಳವನ್ನು ಇನ್ನಷ್ಟು ಭದ್ರವಾಗಿ ಮುಚ್ಚಿದರು. ಪಾಪ, ಮುಖ ಬಾಡಿತ್ತು. ಆದರೂ ಕಡುಬು ಮುಟ್ಟಲಿಲ್ಲ. ಅಳಿಯನ ವಿಜ್ಞಾನದಲ್ಲಿ ಅಷ್ಟು ನಂಬಿಕೆ.

ಹತ್ತು ಗಂಟೆಗೆ ಎಲ್ಲರೂ ಮರಳು ಪಾರ್ಕಿಂಗ್‌ನಲ್ಲಿ ಸೇರಿದೆವು. ಹಿಂದೆ ಸಾಲಾಗಿ ಕಾರುಗಳು, ಮುಂದೆ ಸಾಲಾಗಿ ರೇಷ್ಮೆ ಸೀರೆಗಳು. ತಟ್ಟೆಯಲ್ಲಿ ಹೂವು, ಗರಿಕೆ, ಅಕ್ಷತೆ, ಚೆಂಬಿನಲ್ಲಿ ಹಾಲು. ಮಧ್ಯಾಹ್ನದಿಂದಲೇ ಎದ್ದಿದ್ದ ಧೂಳು ಇನ್ನೂ ಇಳಿದಿರಲಿಲ್ಲ. ಪೂರ್ವಕ್ಕೆ ಹೊಸ ಕಟ್ಟಡವೊಂದು ಏಳುತ್ತಿದೆ. ಅದರ ನೆತ್ತಿಯ ಮೇಲೆ ಎತ್ತರದ ಕ್ರೇನ್.

ಪ್ರಮೀಳಕ್ಕನ ಯಜಮಾನರು ಸುಧಾಕರ ಶೆಟ್ಟರು ನನ್ನ ಪಕ್ಕಕ್ಕೆ ಬಂದು ನಿಂತರು. ಉಡುಪಿಯ ಕಡೆಯವರು, ದೇರಾ ಪೇಟೆಯಲ್ಲಿ ಬಟ್ಟೆ ವ್ಯಾಪಾರ, ಹೊಟ್ಟೆಯ ವಿಷಯದಲ್ಲಿ ಬಹಳ ಶಿಸ್ತಿನ ಮನುಷ್ಯ.

“ಮೂರ್ತಿಯವ್ರೆ, ಚಂದ್ರ ಇವತ್ತು ಬರ್ಲಿಕ್ಕೆ ಉಂಟಾ ಇಲ್ವಾ? ನಾನು ಸಂಜೆಯಿಂದ ಏನೂ ತಿನ್ಲಿಲ್ಲ ಮಾರ್ರೆ.”

“ನಿಮಗೂ ವ್ರತವಾ ಶೆಟ್ರೆ?”

“ನನಗೆಂತ ವ್ರತ! ಇವಳು ಅಡಿಗೆ ಮಾಡಿಟ್ಟು, ಬಾಗಿಲಿಗೆ ಬೀಗ ಹಾಕಿ, ಕೀ ಹಿಡ್ಕೊಂಡು ಬಂದಿದ್ದಾಳೆ. ಇನ್ನು ಅರ್ಧ ಗಂಟೆ ಆದ್ರೆ ನಾನು ಖಲಾಸ್.”

ನಾನು ಫೋನ್ ತೋರಿಸಿದೆ. ಚಂದ್ರ ಇನ್ನೂ ಹುಟ್ಟಿಲ್ಲ. ದಯವಿಟ್ಟು ತಾಳ್ಮೆಯಿಂದಿರಿ.

ಆಗ ಪ್ರಮೀಳಕ್ಕ ಕೈ ಎತ್ತಿ ತೋರಿಸಿದರು. “ಅದೆಂತ ಅದು? ಅಲ್ಲಿ, ಕ್ರೇನಿನ ಹತ್ರ?”

ಧೂಳಿನೊಳಗೆ, ಕ್ರೇನಿನ ಉದ್ದ ತೋಳಿನ ಸ್ವಲ್ಪ ಕೆಳಗೆ, ಹಳದಿಯಾದ, ಮಸುಕಾದ, ದುಂಡನೆಯ ಬೆಳಕೊಂದು ಕಾಣಿಸುತ್ತಿತ್ತು.

“ಅದು ಕ್ರೇನಿನ ಲೈಟು” ಎಂದೆ ನಾನು.

ಹೆಂಗಸರು ತಟ್ಟೆಗಳನ್ನು ಕೆಳಗಿಳಿಸಿದರು.

“ಕ್ರೇನಿನ ಲೈಟು ಕೆಂಪು ಅಲ್ವಾ ಮಾರ್ರೆ?” ಎಂದರು ಶೆಟ್ಟರು.

“ಈಗ ಹೊಸ ಮಾದರಿ ಬಂದಿದೆ” ಎಂದೆ. ಎಲ್ಲಿಂದ ಬಂತೋ ಆ ಮಾತು, ದೇವರಿಗೇ ಗೊತ್ತು! ಕ್ರೇನ್‌ಗಳ ಬಗ್ಗೆ ನನಗೆ ಗೊತ್ತಿರುವುದು ಅವು ಎತ್ತರವಾಗಿರುತ್ತವೆ ಎಂಬುದಷ್ಟೇ.

ಸ್ವಲ್ಪ ಹೊತ್ತು ಕಳೆಯಿತು. ವೀಣಾ ನನ್ನ ತೋಳು ಜಗ್ಗಿದಳು. “ರೀ, ಆ ಲೈಟು ಮೇಲೆ ಹೋಗ್ತಾ ಇದೆ.”

ನೋಡಿದೆ. ಹೌದು! ಆಗ ಕ್ರೇನಿನ ತೋಳಿನ ಕೆಳಗಿದ್ದದ್ದು ಈಗ ತೋಳಿನ ಸಮಕ್ಕೆ ಬಂದಿತ್ತು. ಒಬ್ಬ ಸಾಮಾನ್ಯ ಮನುಷ್ಯನಾಗಿದ್ದರೆ ಇಲ್ಲಿಗೆ ಸೋಲೊಪ್ಪಿಕೊಳ್ಳುತ್ತಿದ್ದ. ಆದರೆ ನನ್ನದು ಭಾನುವಾರ ಪರೀಕ್ಷೆಗೊಳಪಟ್ಟ ಪ್ರೋಗ್ರಾಂ. ತಪ್ಪುವುದಿದ್ದರೆ ಆಕಾಶ ತಪ್ಪಬೇಕು.

“ಮೇಲೆತ್ತೋದೇ ಅಲ್ವಾ ಕ್ರೇನಿನ ಕೆಲಸ? ಲೈಟನ್ನ ಎತ್ತುತ್ತಾ ಇರ್ಬೇಕು” ಎಂದೆ.

ಅನನ್ಯಾ ನನ್ನನ್ನು ಒಂದು ಸಲ, ಆ ಬೆಳಕನ್ನು ಒಂದು ಸಲ ನೋಡಿ “ಅಪ್ಪಾ, ಸೀರಿಯಸ್ಲಿ?” ಎಂದಳು. ನಾನು ಕಣ್ಣು ಬಿಟ್ಟು ಅವಳನ್ನು ಸುಮ್ಮನಾಗಿಸಿದೆ. ಇಷ್ಟು ಜನ ನನ್ನ ಮಾತು ನಂಬಿ ಹಸಿದು ನಿಂತಿರುವಾಗ ಹಿಂದೆ ಸರಿಯಲು ನನಗೆ ಧೈರ್ಯವಿರಲಿಲ್ಲ. ಒಳಗೊಳಗೇ ಹೆದರಿಕೆ ಶುರುವಾಗಿತ್ತು. ಒಮ್ಮೆ ಇವರ ನಂಬಿಕೆ ಹೋಯಿತೆಂದರೆ ನಾನು ಮತ್ತೆ ಆ ಉಪ್ಪಿನ ಡಬ್ಬದ ಮನುಷ್ಯನೇ!

ಅತ್ತೆಗೆ ಯಾರೋ ಮಡಚುವ ಕುರ್ಚಿ ಕೊಟ್ಟಿದ್ದರು, ಇಷ್ಟು ಹೊತ್ತೂ ಅದರಲ್ಲೇ ಕೂತಿದ್ದರು. ಈಗ ನಿಧಾನವಾಗಿ ಎದ್ದು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, ಮತ್ತೆ ಹಾಕಿಕೊಂಡು ಆ ಬೆಳಕನ್ನೇ ದಿಟ್ಟಿಸಿದರು. ಅಷ್ಟರಲ್ಲಿ ಅದು ಕ್ರೇನನ್ನು ಬಿಟ್ಟು ಮೇಲೇರಿ, ಧೂಳಿನಿಂದ ಹೊರಗೆ ಬಂದು ಬೆಳ್ಳಗಾಗಿತ್ತು.

“ಅಳಿಯಂದ್ರೇ” ಎಂದರು ಬಹಳ ಮೆತ್ತಗೆ. “ಆ ಲೈಟಿನೊಳಗೆ ಮೊಲ ಕಾಣಿಸ್ತಾ ಇದೆಯಲ್ಲಪ್ಪ.”

ಮೊದಲು ಶೆಟ್ಟರು ನಕ್ಕರು. ಹಸಿದ ಹೊಟ್ಟೆಯಲ್ಲಿ ಮನುಷ್ಯ ಅಷ್ಟು ಗಟ್ಟಿಯಾಗಿ ನಗಬಲ್ಲನೆಂದು ನನಗೆ ಗೊತ್ತಿರಲಿಲ್ಲ! ಪ್ರಮೀಳಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದರು. ವೀಣಾ ನಗಲಿಲ್ಲ. ಅದು ಇನ್ನೂ ಅಪಾಯಕಾರಿ.

ನಾನು ಕೊನೆಯ ಆಸೆಯಿಂದ ಫೋನ್ ನೋಡಿದೆ. ಚಂದ್ರ ಇನ್ನೂ ಹುಟ್ಟಿಲ್ಲ. ದಯವಿಟ್ಟು ತಾಳ್ಮೆಯಿಂದಿರಿ.

ಅತ್ತೆ ಚೆಂಬು ಎತ್ತಿ, ಕಣ್ಣು ಮುಚ್ಚಿ, ಮಂತ್ರ ಹೇಳಿ, ಮರಳಿನ ಮೇಲೆ ಹಾಲಿನ ಅರ್ಘ್ಯ ಬಿಟ್ಟರು. ಉಳಿದವರೂ ಬಿಟ್ಟರು. ಮುಗಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

“ಇನ್ನೂ ಹುಟ್ಟದೇ ಇರೋ ಚಂದ್ರನಿಗೆ ಅರ್ಘ್ಯ ಕೊಟ್ಬಿಟ್ಟೆ ಅಳಿಯಂದ್ರೇ. ತಪ್ಪಾಗಿದ್ರೆ ನಿಮ್ಮ ಆಪಿಗೆ ನನ್ನ ಪರವಾಗಿ ಹೇಳ್ಬಿಡಿ.”

ಮನೆಗೆ ಬಂದು ಊಟಕ್ಕೆ ಕೂತೆವು. ಕಡುಬು ತಣ್ಣಗಾಗಿತ್ತು. ವೀಣಾ ಬಡಿಸುವ ರೀತಿಯೂ ತಣ್ಣಗಿತ್ತು. ನಾನು ತಟ್ಟೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ತಪ್ಪು ಹುಡುಕತೊಡಗಿದೆ. ಸೂತ್ರ ಸರಿ. ದುಬೈ ಸರಿ. ದಿನಾಂಕ ಸರಿ. ತಲೆ ಕೆರೆದುಕೊಳ್ಳುತ್ತಿರುವಾಗ ಹಿಂದಿನಿಂದ ಅನನ್ಯಾ ಬಗ್ಗಿ ನೋಡಿದಳು. ಅವಳು ಕನ್ನಡದಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗು.

“ಅಪ್ಪಾ, ಯುವರ್ ಲ್ಯಾಪ್‌ಟಾಪ್ ಈಸ್ ಸ್ಟಿಲ್ ಇನ್ ಇಂಡಿಯಾ.”

ಮೂಲೆಯ ಗಡಿಯಾರ ನೋಡಿದೆ. ಗೋಡೆಯ ಗಡಿಯಾರ ನೋಡಿದೆ. ನಡುವೆ ಒಂದೂವರೆ ಗಂಟೆ ತಣ್ಣಗೆ ಕೂತಿತ್ತು. ನನ್ನ ಪ್ರೋಗ್ರಾಂ ದುಬೈ ಚಂದ್ರನನ್ನು ಸರಿಯಾಗಿಯೇ ಹಿಡಿದು, ಅವನು ಹುಟ್ಟುವ ಸಮಯವನ್ನು ಲ್ಯಾಪ್‌ಟಾಪಿನ ಗಡಿಯಾರದಂತೆ ಊರಿನ ಲೆಕ್ಕದಲ್ಲಿ ಬರೆದಿಟ್ಟಿತ್ತು. ಅದನ್ನೇ ದುಬೈ ಸಮಯವೆಂದು ನಾನು ಎಲ್ಲರಿಗೂ ಹಂಚಿದ್ದೆ. ಭಾನುವಾರ ಪರೀಕ್ಷೆ ಮಾಡಿದ್ದೂ ಅದೇ ಗಡಿಯಾರ ಹಿಡಿದುಕೊಂಡು. ತಪ್ಪು ಮಾಡಿದವನನ್ನೇ ಸಾಕ್ಷಿಗೆ ಕರೆದಿದ್ದೆ! ಸಾಕ್ಷಿ ಚೆನ್ನಾಗಿಯೇ ಹೇಳಿತ್ತು.

ಇದನ್ನು ವಿವರಿಸಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ಢಣ್ ಢಣ್ ಢಣ್!

ಹನ್ನೊಂದಕ್ಕೆ ಎರಡು ನಿಮಿಷ ಇತ್ತು. ನನ್ನ ಫೋನು, ವೀಣಾಳ ಫೋನು, ಅತ್ತೆಯ ಫೋನು ಒಟ್ಟಿಗೇ ದೇವಸ್ಥಾನದ ಗಂಟೆ ಬಾರಿಸಿದವು. ಎದುರುಗಡೆಯಿಂದ ಶೆಟ್ಟರ ಮನೆಯ ಗಂಟೆ ಕೇಳಿಸಿತು. ಮೇಲಿನ ಮಹಡಿಯಿಂದ ಇನ್ನೊಂದು. ‘ಚಂದ್ರ ಬಂದ!’ ಎಂದು ಇಡೀ ಕಟ್ಟಡಕ್ಕೆ ನನ್ನ ಆಪ್ ಸಾರುತ್ತಿತ್ತು. ಹೊರಗೆ ಚಂದ್ರ ಆಗಲೇ ಕಟ್ಟಡದ ಮೇಲಿದ್ದ. ಶೆಟ್ಟರ ಸಂದೇಶ ಬಂತು. “ಮೂರ್ತಿಯವ್ರೆ, ಕ್ರೇನಿನ ಲೈಟು ಆಫ್ ಮಾಡ್ಲಿಕ್ಕೆ ಹೇಳಿ, ಚಂದ್ರ ಬಂದಾಯ್ತು.”

ಮಾರನೆಯ ದಿನ ಕೆಲಸದಿಂದ ಬಂದು ಮೊದಲು ಲ್ಯಾಪ್‌ಟಾಪಿನ ಗಡಿಯಾರ ಬದಲಾಯಿಸಿದೆ. ಲೆಕ್ಕವನ್ನು ಮತ್ತೆ ಹಾಕಿಸಿದೆ. ಈಗ ಸರಿಯಾದ ಉತ್ತರ ಬಂತು. ಎದೆ ಉಬ್ಬಿಸಿಕೊಂಡು ಅಡುಗೆಮನೆಗೆ ಹೋಗಿ, ಗೋಡೆಯ ಕ್ಯಾಲೆಂಡರಿನ ಜೊತೆ ಹೋಲಿಸಿದೆ. ಎರಡೋ ಮೂರೋ ನಿಮಿಷ ಬಿಟ್ಟರೆ ಅದೇ ಸಮಯ!

ಚಂದ್ರ ಇಲ್ಲಿಗೆ ಊರಿಗಿಂತ ಒಂದೂವರೆ ಗಂಟೆ ತಡವಾಗಿ ಬರುತ್ತಾನೆ ನಿಜ. ಆದರೆ ಇಲ್ಲಿನ ಗಡಿಯಾರವೂ ಒಂದೂವರೆ ಗಂಟೆ ಹಿಂದೆಯೇ ಇದೆಯಲ್ಲ. ಅಲ್ಲಿಗೆ ಅದೂ ಇದೂ ಸರಿಹೋಯಿತು. ತಿಂಗಳು ತಿಂಗಳಿಗೂ ಒಂದಿಷ್ಟು ನಿಮಿಷ ಆಚೀಚೆ ಆಗಬಹುದಂತೆ, ಅಷ್ಟೇ. ಅಂದರೆ ದಿನಸಿ ಅಂಗಡಿಯವರು ಸಕ್ಕರೆ ಬೇಳೆಯ ಜೊತೆ ಪುಕ್ಕಟೆ ಕೊಟ್ಟಿದ್ದನ್ನೇ ನಾನು ಇಷ್ಟು ಕಷ್ಟಪಟ್ಟು ಕಂಡುಹಿಡಿದಿದ್ದೆ. ಚಂದ್ರ ಒಬ್ಬನೇ ಎಂದು ಅತ್ತೆ ಮೊದಲೇ ಹೇಳಿದ್ದರು.

ವಾಟ್ಸ್ಯಾಪ್ ಗುಂಪಿನಲ್ಲಿ ಕ್ಷಮೆ ಕೇಳಿದೆ. ಎಲ್ಲರೂ ನಗುವ ಮುಖ ಕಳಿಸಿ, ಪರವಾಗಿಲ್ಲವೆಂದು ಹೇಳಿ, ಒಬ್ಬೊಬ್ಬರಾಗಿ ಆಪ್ ತೆಗೆದುಹಾಕಿದರು. ಎಷ್ಟು ಜನ ಬಳಸುತ್ತಿದ್ದಾರೆಂದು ತೋರಿಸುವ ಪುಟವೊಂದು ನನ್ನ ಬಳಿ ಇದೆ. ಅದರಲ್ಲಿ ಅಂಕಿ ಇಳಿಯುತ್ತ ಇಳಿಯುತ್ತ ಒಂದಕ್ಕೆ ಬಂದು ನಿಂತಿತು. ಸೊನ್ನೆಯಾಗಲಿಲ್ಲ. ಯಾರೋ ಒಬ್ಬರು ದಿನವೂ ಬೆಳಿಗ್ಗೆ ತಪ್ಪದೆ ಅದನ್ನು ತೆರೆಯುತ್ತಿದ್ದರು!

ಅತ್ತೆ ಊರಿಗೆ ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಕೂತಿರುವಾಗ ಅವರ ಫೋನಿನಲ್ಲಿ ಅದು ಕಾಣಿಸಿತು. ನನಗೆ ಕಣ್ಣು ಒದ್ದೆಯಾಯಿತು.

“ಅತ್ತೆ, ಎಲ್ಲರೂ ತೆಗೆದುಹಾಕಿದ್ರು. ನೀವೊಬ್ರೇ ಇಟ್ಕೊಂಡಿದ್ದೀರಿ. ಈಗ ಟೈಮ್ ಎಲ್ಲಾ ಸರಿಮಾಡಿದ್ದೀನಿ, ಧೈರ್ಯವಾಗಿ ನೋಡ್ಬಹುದು.”

“ಟೈಮಾ?” ಎಂದರು ಅತ್ತೆ. “ಅದಕ್ಕೆ ಮನೇಲಿ ಕ್ಯಾಲೆಂಡರ್ ಇದೆಯಲ್ಲ ಅಳಿಯಂದ್ರೇ. ಇದನ್ನ ತೆರೆದ್ರೆ ನಮ್ಮ ಅನನ್ಯಾ ಬರೆದ ಗಣಪತಿ ಬರುತ್ತೆ ನೋಡಿ, ಎಷ್ಟು ಮುದ್ದಾಗಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ನಮಸ್ಕಾರ ಮಾಡಿ ಮುಚ್ಚಿಬಿಡ್ತೀನಿ. ಕೆಳಗಡೆ ಏನೇನೋ ಬರ್ದಿದೆ, ಅದನ್ನೆಲ್ಲ ತೆಗೆದುಹಾಕೋಕೆ ಆಗುತ್ತಾ?”

ಆಗುತ್ತದೆಂದು ಹೇಳಿದೆ. ಆ ರಾತ್ರಿಯೇ ಕೂತು ತೆಗೆದೆ. ಈಗ ನನ್ನ ಆಪಿನಲ್ಲಿ ಚಂದ್ರನಿಲ್ಲ, ಲೆಕ್ಕವಿಲ್ಲ, ಗಂಟೆಯಿಲ್ಲ. ನಾನು ಬರೆದದ್ದು ಯಾವುದೂ ಇಲ್ಲ. ಅಂದಿನಿಂದ ಅದು ಒಂದು ದಿನವೂ ತಪ್ಪು ಹೇಳಿಲ್ಲ.